ಕಾರಿನ ಹೆಸರು, ಮನೆತನದ ಪಜೀತಿ

ನಮ್ಮ ಗುಂಪಿನಲ್ಲಿ ಚೆಕ್ ಭಾಷೆ ಕಲಿಯುವವನಿಗೆ ಚೆಕ್ಕು ಅಂತಲೇ ಹೆಸರು ಬಿದ್ದಿದೆ. ಜಪಾನಿ ಕಲಿಯುವವನು ಜಪಾನು. ಏನೂ ಕಲಿಯದೆ ಇಬ್ಬರಿಗೂ ಬುದ್ಧಿ ಹೇಳುವವಳು ಮೇಡಂ.

ಚೆಕ್ಕು ಅವತ್ತು ಮುಖ ಊದಿಸಿಕೊಂಡಿದ್ದ. "ಪಾಠದಲ್ಲಿ ಒಬ್ಬಳಿಗೆ ರೈಲು ತಪ್ಪುತ್ತೆ. ಪಕ್ಕದವನು ‘ತೊ ಯೆ ಶ್ಕೊಡಾ’ ಅಂತಾನೆ. ನಾನು ‘ಅದು ಸ್ಕೋಡಾ ಕಾರು’ ಅಂತ ಬರೆದೆ. ರೈಲು ತಪ್ಪಿದವಳಿಗೆ ಕಾರು ತೋರಿಸೋದು ಸಹಜ ಅಲ್ವಾ?"

"ಮತ್ತೇನಂತೆ ಅದು?"

"ಛೇ, ಪಾಪ ಅಂತ. ನಷ್ಟ, ಹಾನಿ ಅಂತಲೂ ಆಗುತ್ತೆ."

"ಕಾರಿಗೆ ಯಾರಾದ್ರೂ ಹಾನಿ ಅಂತ ಹೆಸರಿಡ್ತಾರಾ?" ಮೇಡಂ ಕೇಳಿದಳು.

"ಅದು ಎಮಿಲ್ ಶ್ಕೊಡಾ ಅನ್ನೋ ಎಂಜಿನಿಯರ್ ಮನೆತನದ ಹೆಸರು. 1869ರಲ್ಲಿ ಕಾರ್ಖಾನೆ ಕೊಂಡ, 1900ರಲ್ಲಿ ತೀರಿಕೊಂಡ. ಕಾರು ಮಾಡ್ತಿದ್ದವರು ಲೌರಿನ್, ಕ್ಲೆಮೆಂಟ್ ಅನ್ನೋ ಇಬ್ಬರು. ಅವರ ಕಂಪನಿ 1925ರಲ್ಲಿ ಶ್ಕೊಡಾ ಜೊತೆ ಸೇರಿತು."

"ಒಳ್ಳೆ ಹೆಸರು ಎರಡಿದ್ರೂ ಬಿಟ್ಟು ಹಾನೀನೇ ಇಟ್ಕೊಂಡ್ರಾ! ಹೋಗಲಿ, ದೊಡ್ಡಕ್ಷರ ಇದ್ರೆ ಕಾರು, ಸಣ್ಣಕ್ಷರ ಇದ್ರೆ ಪಾಪ ಅಂತ ನೆನಪಿಟ್ಕೋ."

"ಕಂಪನಿಗೆ ಮಾತ್ರ ದೊಡ್ಡಕ್ಷರ, ಮೇಡಂ. ರಸ್ತೇಲಿ ಓಡೋ ಕಾರಿಗೆ ಸಣ್ಣದೇ. ಸಾಲದ್ದಕ್ಕೆ, ಅದೇ ಮನೆತನದ ಹೆಂಗಸಾದ್ರೆ ಶ್ಕೊಡೊವಾ."

ಮೇಡಂ ತೆಪ್ಪಗಾದಳು. ಇದು ಅಪರೂಪ.

ಜಪಾನು ಅವಕಾಶ ಬಿಡಲಿಲ್ಲ. "ನಿಮ್ಮಲ್ಲಿ ಮನೆತನದ ಹೆಸರು ಇದ್ದ ಹಾಗೇ ಇದೆಯಲ್ಲ, ಪುಣ್ಯ. ಟೊಯೊಟಾ ಕಂಪನಿಯ ಅಕಿಯೊ ಟೊಯೊಡಾ ಅಂತ ಓದಿದಾಗ ಅಚ್ಚಿನ ತಪ್ಪು ಅಂತ ನಾನು ಪೆನ್ನಲ್ಲಿ ತಿದ್ದಿದ್ದೆ. ಮನೆತನ ಟೊಯೊಡಾ, ಕಾರು ಟೊಯೊಟಾ. 1936ರಲ್ಲಿ ಬದಲಾಯಿಸಿದ್ದು. ಅವರ ಕತಕಾನಾ ಲಿಪಿಯಲ್ಲಿ ಟೊಯೊಟಾ ಬರೆಯೋಕೆ ಎಂಟೇ ಗೆರೆ ಸಾಕು, ಟೊಯೊಡಾಗೆ ಹತ್ತು ಬೇಕು. ಎಂಟು ಅಲ್ಲಿ ಶುಭ ಸಂಖ್ಯೆ."

"ಎರಡು ಗೆರೆ ಉಳಿಸೋಕೆ ಅಪ್ಪನ ಹೆಸರು ಬಿಟ್ರಾ?"

"ಅದು ಬಿಡಿ, ಮಾಜ್ದಾ ನೋಡಿ. ಕಟ್ಟಿದವರು ಮತ್ಸುದಾ. ಜಪಾನಿನಲ್ಲಿ ಕಾರಿಗೂ ಮತ್ಸುದಾ ಅಂತಲೇ ಅಂತಾರೆ. ಹೊರಗಿನವರು ಮಾತ್ರ ಮಾಜ್ದಾ ಅನ್ನಬೇಕು. ಟೈರಿನ ಇಶಿಬಾಶಿ ಅವರಂತೂ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿದ್ರು. ಇಶಿ ಅಂದ್ರೆ ಕಲ್ಲು, ಬಾಶಿ ಅಂದ್ರೆ ಸೇತುವೆ. ಅದನ್ನ ತಿರುಗಾಮುರುಗಾ ಮಾಡಿ ಬ್ರಿಡ್ಜ್‌ಸ್ಟೋನ್."

"ಹಾಗಾದ್ರೆ ಸುಬಾರು ಯಾರ ಮನೆತನ?"

"ಯಾರದ್ದೂ ಅಲ್ಲ. ಅದು ಕೃತ್ತಿಕಾ ನಕ್ಷತ್ರ."

ಮೇಡಂ ಎರಡೂ ಕೈ ಜೋಡಿಸಿ ಮುಗಿದಳು.

ನನಗೆ ಇವೆಲ್ಲಕ್ಕಿಂತ ಇಷ್ಟ ಜರ್ಮನಿಯ ಔಗುಸ್ಟ್ ಹೋರ್ಖ್. 1909ರಲ್ಲಿ ತಾನೇ ಕಟ್ಟಿದ ಕಂಪನಿ ಬಿಟ್ಟು ತನ್ನದೇ ಹೆಸರಲ್ಲಿ ಇನ್ನೊಂದು ಶುರುಮಾಡಿದ. ಆ ಹೆಸರು ನಮ್ಮದು ಅಂತ ಹಳೆಯವರು ಕೋರ್ಟಿಗೆ ಹೋದರು. ಸ್ವಂತ ಹೆಸರೇ ಕೈತಪ್ಪಿತು. ಜರ್ಮನ್ನಿನಲ್ಲಿ ಹೋರ್ಖ್ ಅಂದರೆ ‘ಕೇಳು’. ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ ‘ಔಡಿ’ ಅಂತ ಇಟ್ಟ. ನಾವು ಆಡಿ ಅಂತೀವಲ್ಲ, ಅದೇ. 1932ರಲ್ಲಿ ಹೋರ್ಖ್, ಆಡಿ ಸೇರಿ ನಾಲ್ಕು ಕಂಪನಿಗಳು ಒಂದಾದವು. ಲಾಂಛನದ ನಾಲ್ಕು ಬಳೆ ಬಂದದ್ದು ಹಾಗೆ. ಅಂದರೆ ಒಂದು ಬಳೆ ಜರ್ಮನ್ನಿನಲ್ಲಿ ಕೇಳು ಅನ್ನುತ್ತೆ, ಇನ್ನೊಂದು ಲ್ಯಾಟಿನ್ನಿನಲ್ಲಿ ಕೇಳು ಅನ್ನುತ್ತೆ.

ಇಷ್ಟು ಹೇಳಿ ತಲೆ ಎತ್ತಿದೆ. ಯಾವ ಭಾಷೆ ಜಾಸ್ತಿ ಕಷ್ಟ ಅಂತ ಚೆಕ್ಕು, ಜಪಾನು ಕಿತ್ತಾಡುತ್ತಿದ್ದರು. ಮೇಡಂ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದಳು. ನನ್ನ ಮಾತು ಒಬ್ಬರೂ ಕೇಳಿರಲಿಲ್ಲ.