ಸೈಟ್‌ನಲ್ಲಿ ಹಳೆಯ ಡ್ರಾಯಿಂಗ್, ಫೋನ್‌ನಲ್ಲಿ ಹೊಸದು: ಕಾಮಗಾರಿ ದಾಖಲೆಗಳನ್ನು ಡಿಜಿಟಲ್ ಆಗಿ ಇಡುವುದು ಹೇಗೆ?

ಪ್ರಶ್ನೆ (ಗುತ್ತಿಗೆದಾರರು, ದಾವಣಗೆರೆ):
ನಮಸ್ಕಾರ ಸರ್. ವಿದ್ಯಾನಗರದ ಕಡೆ ಮೂರು ಅಂತಸ್ತಿನ ಕಟ್ಟಡವೊಂದರ ಕೆಲಸ ನನ್ನ ಕೈಯಲ್ಲಿದೆ. ಕಳೆದ ತಿಂಗಳು ಸ್ಲ್ಯಾಬ್ ಹಾಕುವ ಹಿಂದಿನ ದಿನ ಸಂಜೆ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಿದರೆ, ಬೀಮ್ ಒಂದರ ಕೆಳಭಾಗದಲ್ಲಿ 20 ಮಿ.ಮೀ.ನ 3 ಕಂಬಿ ಇರಬೇಕಾದಲ್ಲಿ 16 ಮಿ.ಮೀ.ನ 3 ಕಂಬಿ ಕಟ್ಟಲಾಗಿತ್ತು. ಪರಿಷ್ಕೃತ ಡ್ರಾಯಿಂಗನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಹನ್ನೆರಡು ದಿನಗಳಾಗಿದ್ದವು. ಕಂಬಿ ಕಟ್ಟುವ ಮೇಸ್ತ್ರಿ ಮಾತ್ರ ಶೆಡ್ಡಿನ ಗೋಡೆಗೆ ಅಂಟಿಸಿದ್ದ ಹಳೆಯ ಪ್ರಿಂಟನ್ನೇ ನೋಡುತ್ತಿದ್ದರು. ಕಟ್ಟಿದ್ದನ್ನೆಲ್ಲ ಬಿಚ್ಚಿಸಿ, ಕಾಂಕ್ರೀಟ್ ಗಾಡಿಯನ್ನು ಮುಂದೂಡಿಸಿದೆ. ಅದರ ಬೆನ್ನಲ್ಲೇ ಬಿಲ್ಲಿಗೆ ಕ್ಯೂಬ್ ಪರೀಕ್ಷೆಯ (ಕಾಂಕ್ರೀಟಿನ ಘನಾಕಾರದ ತುಂಡನ್ನು ಒತ್ತಿ ಅದರ ಬಲ ನೋಡುವ ಪರೀಕ್ಷೆ) ವರದಿ ಕೇಳಿದಾಗ ಅದೂ ಸಿಗಲಿಲ್ಲ. ತಿಂಗಳ ಬಾಡಿಗೆಯ ಸಾಫ್ಟ್‌ವೇರ್ ಒಂದನ್ನು ತೆಗೆದುಕೊಂಡರೆ ಇದೆಲ್ಲ ಸರಿಹೋಗುತ್ತದೆಯೇ?

ಉತ್ತರ (ಬಿಲ್ಲಿಂಗ್ ಮತ್ತು ಗುಣಮಟ್ಟದ ಕೆಲಸ ನೋಡುವ ಸಿವಿಲ್ ಇಂಜಿನಿಯರ್):
ಕಾಂಕ್ರೀಟ್ ಬೀಳುವ ಮೊದಲೇ ತಿಳಿದದ್ದು ನಿಮ್ಮ ಪುಣ್ಯ. ಮೂರು ಕಂಬಿಗಳ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 942 ಚದರ ಮಿ.ಮೀ. ಇರಬೇಕಾದಲ್ಲಿ 603 ಮಾತ್ರ ಇರುತ್ತಿತ್ತು, ಅಂದರೆ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚಿನ ಕೊರತೆ.

ಸಾಫ್ಟ್‌ವೇರ್ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮಲ್ಲಿ ಡ್ರಾಯಿಂಗಿಗೆ ಕೊರತೆ ಇರಲಿಲ್ಲ, ಅದರ ಪ್ರತಿಗಳು ವಿಪರೀತವಾಗಿದ್ದವು. ಡಿಜಿಟಲ್ ಎಂದರೆ ಪ್ರತಿ ಮಾಡುವುದು ಇನ್ನೂ ಸುಲಭವಾಗುವುದರಿಂದ, ಹಳೆಯದನ್ನು ಹಿಂದಕ್ಕೆ ಪಡೆಯುವ ಶಿಸ್ತು ಇಲ್ಲದಿದ್ದರೆ ಎಷ್ಟು ದುಬಾರಿಯ ಸಾಫ್ಟ್‌ವೇರ್ ತಂದರೂ ಗೊಂದಲ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಾಮಗಾರಿ ಮಾಹಿತಿಯ ನಿರ್ವಹಣೆಗೆಂದು 2018ರಲ್ಲಿ ಬಂದ ಐಎಸ್‌ಒ 19650 ಮಾನದಂಡವು ದಾಖಲೆಗಳನ್ನು ತಯಾರಿಯಲ್ಲಿರುವುದು, ಹಂಚಿಕೊಂಡದ್ದು, ಪ್ರಕಟಿಸಿದ್ದು, ಸಂಗ್ರಹಕ್ಕೆ ಸೇರಿದ್ದು ಎಂದು ನಾಲ್ಕು ಸ್ಥಿತಿಗಳಲ್ಲಿ ಬೇರ್ಪಡಿಸುತ್ತದೆ. ನಮ್ಮಂಥ ಸಣ್ಣ ಕೆಲಸಗಳಿಗೆ ಅದರ ಪೂರ್ತಿ ಆಡಂಬರ ಬೇಕಿಲ್ಲ. ಗೂಗಲ್ ಡ್ರೈವ್‌ನಲ್ಲಿ ‘ಚರ್ಚೆಯಲ್ಲಿದೆ’, ‘ಕೆಲಸಕ್ಕೆ’, ‘ರದ್ದು’ ಎಂಬ ಮೂರು ಫೋಲ್ಡರ್ ಸಾಕು. ‘ಗುಡ್ ಫಾರ್ ಕನ್‌ಸ್ಟ್ರಕ್ಷನ್’ (ಕಟ್ಟಲು ಒಪ್ಪಿಗೆ) ಮೊಹರು ಬಿದ್ದ ಡ್ರಾಯಿಂಗ್ ಮಾತ್ರ ಎರಡನೆಯದರಲ್ಲಿರಬೇಕು. ಹೊಸದು ಅಲ್ಲಿಗೆ ಬಂದ ಕ್ಷಣವೇ ಹಳೆಯದು ಮೂರನೆಯದಕ್ಕೆ ಹೋಗಬೇಕು. ಬದಲಾಯಿಸುವ ಅಧಿಕಾರ ಒಬ್ಬರಿಗಷ್ಟೇ ಇರಲಿ, ಉಳಿದವರು ನೋಡಿದರೆ ಸಾಕು. ವಾಟ್ಸ್ಆ್ಯಪ್ ಗುಂಪಿಗೆ ಇನ್ನು ಮುಂದೆ ಡ್ರಾಯಿಂಗ್ ಹಾಕಬೇಡಿ, ಫೋಲ್ಡರಿನ ಲಿಂಕ್ ಹಾಕಿ.

ಫೈಲಿನ ಹೆಸರನ್ನು ‘ಎಸ್-204-ಆರ್2-2025-03-14’ ಎಂಬಂತೆ ಡ್ರಾಯಿಂಗ್ ಸಂಖ್ಯೆ, ಪರಿಷ್ಕರಣೆ, ವರ್ಷ-ತಿಂಗಳು-ದಿನದ ಕ್ರಮದಲ್ಲಿ ಬರೆಯಿರಿ. ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಎಂಬ ಮೂರು ಫೈಲುಗಳು ಅಕ್ಕಪಕ್ಕದಲ್ಲಿ ಕುಳಿತಿದ್ದ ಕಂಪ್ಯೂಟರನ್ನು ನಾನೇ ಕಂಡಿದ್ದೇನೆ. ಮೂರರಲ್ಲಿ ಯಾವುದರ ಪ್ರಕಾರ ಕಟ್ಟಿದೆವೆಂದು ಹೇಳುವವರು ಯಾರೂ ಉಳಿದಿರಲಿಲ್ಲ.

ಗೋಡೆಯ ಮೇಲಿನ ಪ್ರಿಂಟಿಗೆ ಬೇರೆ ಉಪಾಯ ಬೇಕು. ಖಾಲಿ ಸಿಲಿಂಡರ್ ಕೊಟ್ಟರೆ ತಾನೇ ತುಂಬಿದ್ದು ಸಿಗುವುದು? ಹಾಗೆಯೇ ಹಳೆಯ ಪ್ರಿಂಟ್ ಕೈಗೆ ಬಂದ ಮೇಲೆ ಮಾತ್ರ ಹೊಸದನ್ನು ಕೊಡಿ, ಮೇಸ್ತ್ರಿಯವರಿಂದ ರಿಜಿಸ್ಟರಿನಲ್ಲಿ ಸಹಿ ಪಡೆಯಿರಿ.

ಕ್ಯೂಬ್ ವರದಿ ಕಳೆದುಹೋಗುವುದಕ್ಕೆ ಸಾಮಾನ್ಯವಾಗಿ ಕಾರಣ, ಆ ಕ್ಯೂಬ್ ಯಾವ ಕಾಂಕ್ರೀಟಿನದೆಂಬ ಕೊಂಡಿಯೇ ಇಲ್ಲದಿರುವುದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456:2000ರ ಪ್ರಕಾರ 16ರಿಂದ 30 ಘನ ಮೀಟರ್ ಕಾಂಕ್ರೀಟಿಗೆ ಕನಿಷ್ಠ 3 ಮಾದರಿ, ಒಂದೊಂದು ಮಾದರಿಗೆ 28 ದಿನದ ಪರೀಕ್ಷೆಗೆ 3 ಕ್ಯೂಬ್. 7 ದಿನದ್ದೂ ಬೇಕೆಂದರೆ ಅವು ಹೆಚ್ಚುವರಿ. ಅಲ್ಲಿಗೆ ಅಷ್ಟು ಕಾಂಕ್ರೀಟಿನ ಒಂದು ಸ್ಲ್ಯಾಬಿಗೆ 28 ದಿನದ್ದೇ ಒಂಬತ್ತು ಕ್ಯೂಬ್ ಆದವು. ಅಚ್ಚು ಬಿಚ್ಚಿದ ಕೂಡಲೇ ಕ್ಯೂಬಿನ ಮೇಲೆ ಬರೆಯುವ ಗುರುತನ್ನೇ ಪೋರ್ ಕಾರ್ಡಿಗೆ (ಕಾಂಕ್ರೀಟ್ ಹಾಕುವಾಗ ತುಂಬುವ ತಪಾಸಣಾ ಪತ್ರ), ಸಿಮೆಂಟ್ ಚಲನಿಗೆ, ಕೊನೆಗೆ ಲ್ಯಾಬ್ ವರದಿಯ ಫೈಲಿಗೂ ಕೊಟ್ಟರೆ, ಆ ಒಂದು ಸಂಖ್ಯೆಯನ್ನು ಹುಡುಕಿದಾಗ ನಾಲ್ಕೂ ಒಟ್ಟಿಗೆ ಬರುತ್ತವೆ.

ಮರುಪ್ರಶ್ನೆ (ಸೈಟ್ ಇಂಜಿನಿಯರ್, ಚಿತ್ರದುರ್ಗ):
ಸರ್, ನಮ್ಮ ಸೈಟ್ ಊರಾಚೆ ಗುಡ್ಡದ ಹಿಂದಿದ್ದು, ನೆಟ್‌ವರ್ಕ್ ಬಂದರೆ ಬಂತು, ಇಲ್ಲವಾದರೆ ಇಲ್ಲ. ಇನ್ನೊಂದು ಮಾತು: ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟ ಮೇಲೆ ಅಳತೆ ಪುಸ್ತಕ, ಚಲನ್‌ಗಳನ್ನು ವಿಲೇವಾರಿ ಮಾಡಬಹುದೇ?

ಉತ್ತರ:
ಬೆಳಿಗ್ಗೆ ಮನೆ ಬಿಡುವ ಮುನ್ನ ‘ಕೆಲಸಕ್ಕೆ’ ಫೋಲ್ಡರಿನ ಫೈಲುಗಳನ್ನು ಆಫ್‌ಲೈನ್‌ಗೆ ಗುರುತು ಹಾಕಿಕೊಳ್ಳಿ. ಫೋಟೋಗಳನ್ನು ಸಂಜೆ ಏರಿಸಬಹುದು. ಆದರೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿಯೇ ಕಳುಹಿಸಿದರೆ ಅದು ಕುಗ್ಗುವುದಲ್ಲದೆ, ತೆಗೆದ ಸಮಯ, ಸ್ಥಳದ ವಿವರವೂ ಅಳಿಸಿಹೋಗುತ್ತದೆ. ನಾಳೆ ಮುಚ್ಚಿಹೋಗುವ ಕಂಬಿಯ ಫೋಟೋಗೆ ಆ ವಿವರವೇ ಜೀವ, ಆದ್ದರಿಂದ ಮೂಲ ಫೈಲನ್ನೇ ನೇರವಾಗಿ ಡ್ರೈವ್‌ಗೆ ಹಾಕಿ.

ವಿಲೇವಾರಿ ಮಾತ್ರ ಬೇಡವೇ ಬೇಡ. ಸಹಿ ಇರುವ ಅಳತೆ ಪುಸ್ತಕದ ಸ್ಕ್ಯಾನ್ ಹುಡುಕುವ ಅನುಕೂಲಕ್ಕೆ ಇರುವ ಪ್ರತಿ, ಮೂಲಕ್ಕೆ ಬದಲಿಯಲ್ಲ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2023-24ರ ದಾಖಲೆಗಳು ಹಾಗಾಗಿ 2030ರ ಡಿಸೆಂಬರ್ ಕೊನೆಯವರೆಗೂ ಇರಲೇಬೇಕು. ಮೇಲ್ಮನವಿಯೋ ತನಿಖೆಯೋ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ.

ಮೊದಲಿನಿಂದಲೂ ಡಿಜಿಟಲ್ ಆಗಿಯೇ ಹುಟ್ಟಿದ ಫೋಟೋ, ಇಮೇಲ್‌ಗಳ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಅವುಗಳ ಪ್ರತಿಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ ನಿಗದಿತ ಪ್ರಮಾಣಪತ್ರವಿರಬೇಕು, ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನಿಂದ ಲೆಕ್ಕಹಾಕಿ ತೆಗೆಯುವ, ಅದರ ಬೆರಳಚ್ಚಿನಂಥ ಸಂಕೇತ) ಕೇಳಲಾಗಿದೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಹ್ಯಾಶ್ ಬದಲಾಗುತ್ತದೆ. ವಿವಾದದ ವಾಸನೆ ಬಂದಾಗ ಫೋಟೋವನ್ನು ಕತ್ತರಿಸಿ, ಮೇಲೆ ಬಾಣದ ಗುರುತು ಹಾಕಿ ಅದನ್ನೇ ಉಳಿಸಿಕೊಳ್ಳುವವರಿದ್ದಾರೆ; ಬಾಣ ಬೇಕೆಂದರೆ ಪ್ರತಿಯ ಮೇಲೆ ಹಾಕಿ, ಮೂಲವನ್ನು ಮುಟ್ಟಬೇಡಿ.

ಮೊದಲ ಪ್ರಶ್ನೆ ಕೇಳಿದ ಗುತ್ತಿಗೆದಾರರು:
ಧನ್ಯವಾದ ಸರ್. ಇಂದು ಶೆಡ್ಡಿನಲ್ಲಿದ್ದ ಪ್ರಿಂಟ್‌ಗಳನ್ನೆಲ್ಲ ಕೆಳಗಿಳಿಸಿದೆವು. ಮೆಟ್ಟಿಲಿನ ಒಂದೇ ಡ್ರಾಯಿಂಗಿನ ನಾಲ್ಕು ಪರಿಷ್ಕರಣೆಗಳು ಸಿಕ್ಕಿವೆ, ಮೆಟ್ಟಿಲ ಕೆಲಸ ಸೋಮವಾರ ಶುರುವಾಗಬೇಕಿದೆ.

ಉತ್ತರ:
ಶುರುವಾಗುವ ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಅವರಿಂದ ಚಾಲ್ತಿಯಲ್ಲಿರುವ ಪರಿಷ್ಕರಣೆ ಯಾವುದೆಂದು ಬರಹದಲ್ಲಿ ತರಿಸಿಕೊಳ್ಳಿ. ಸಂಖ್ಯೆ ದೊಡ್ಡದಿದೆ ಎಂದ ಮಾತ್ರಕ್ಕೆ ನಾಲ್ಕನೆಯದೇ ಅಂತಿಮವೆಂದು ಊಹಿಸಬೇಡಿ. ಅದಕ್ಕೆ ಮೊಹರು ಬಿದ್ದಿದೆಯೇ ನೋಡಿ.