ಹಳೇ ಸ್ಟೈಲಿನ ಗ್ರಾಫಿಕ್ ಟಿ-ಶರ್ಟ್: ಆನ್‌ಲೈನಲ್ಲಿ ತಗೊಂಡವರು ಅನುಭವ ಹೇಳಿ

ವಾಕಡ್_46
ನಮಸ್ಕಾರ. ಪುಣೆಯ ವಾಕಡ್‌ನಲ್ಲಿದೀನಿ. ನಾಲ್ಕು ಗ್ರಾಫಿಕ್ ಟಿ-ಶರ್ಟ್ ಬೇಕು. ಹಳೇ ರಾಕ್ ಬ್ಯಾಂಡ್‌ಗಳ ಟೂರ್ ಶರ್ಟಿನ ಥರ ಮಾಸಿದ ಕಪ್ಪು, ಒಂದರಲ್ಲಾದರೂ ಕನ್ನಡ ಅಕ್ಷರ ಇರಬೇಕು. ಒಟ್ಟು 3000 ರೂಪಾಯಿ ತೆಗೆದಿಟ್ಟಿದೀನಿ. ಎದೆ ಸುತ್ತಳತೆ 46 ಇಂಚು. ಕ್ಯಾಂಪಿನ ಫ್ಯಾಶನ್ ಸ್ಟ್ರೀಟ್, ಎಫ್‌ಸಿ ರೋಡ್ ಎರಡೂ ನೋಡಾಯ್ತು, ಎಕ್ಸ್‌ಎಲ್ ದಾಟಿದರೆ ಒಳ್ಳೇ ಡಿಸೈನೇ ಸಿಗಲ್ಲ. ನಾಲ್ಕು ಸಲ ಒಗೆದ ಕೂಡಲೇ ಪ್ರಿಂಟ್ ಬಿರುಕು ಬಿಡದಂಥದ್ದು ಆನ್‌ಲೈನಲ್ಲಿ ಹೇಗೆ ಹುಡುಕೋದು?

ಡೊಂಬಿವಲಿ_ಸ್ಕ್ರೀನ್
ಡಿಸೈನ್ ಆಮೇಲೆ ನೋಡಿ. ಮೊದಲು ಅದು ಯಾವ ಪ್ರಿಂಟ್ ಅಂತ ಕೇಳಿ, ಹೇಳದವರ ಹತ್ತಿರ ತಗೋಬೇಡಿ. ಈಗ ಬರ್ತಿರೋದರಲ್ಲಿ ಬಹುಪಾಲು ಡಿಟಿಎಫ್, ಅಂದರೆ ಫಿಲ್ಮಿನ ಮೇಲೆ ಪ್ರಿಂಟ್ ಹೊಡೆದು, ಅಂಟಿನ ಪುಡಿ ಉದುರಿಸಿ, ಹೀಟ್ ಪ್ರೆಸ್‌ನಲ್ಲಿ ಬಟ್ಟೆಗೆ ಒತ್ತೋದು. 150ರಿಂದ 160 ಡಿಗ್ರಿಯಲ್ಲಿ ಹತ್ತು ಹದಿನೈದು ಸೆಕೆಂಡ್ ಒತ್ತಿ, ಫಿಲ್ಮ್ ಕಿತ್ತು, ಮತ್ತೆ ಐದು ಹತ್ತು ಸೆಕೆಂಡ್ ಎರಡನೇ ಸಲ ಒತ್ತಬೇಕು. ಅವಸರದಲ್ಲಿ ಎರಡನೇ ಒತ್ತು ಬಿಟ್ಟುಬಿಡ್ತಾರೆ. ಪುಡಿ ಪೂರ್ತಿ ಕರಗಿರಲ್ಲ, ಮೂರನೇ ಒಗೆತಕ್ಕೆ ಅಂಚು ಏಳುತ್ತೆ. ಜೊತೆಗೆ ದೊಡ್ಡ ಚಿತ್ರ ಆದರೆ ಎದೆ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಹಾಗೆ, ಮುಂಬೈ ಮೇ ತಿಂಗಳಲ್ಲಿ ಬೆವರು ಆರೋದೇ ಇಲ್ಲ.

ಹಳೇ ಟೂರ್ ಶರ್ಟಿನ ಗುಣ ಬೇಕಾದರೆ ಸ್ಕ್ರೀನ್ ಪ್ರಿಂಟೇ ಆಗಬೇಕು, ಅಂದರೆ ಜಾಲರಿ ಚೌಕಟ್ಟಿನ ಮೂಲಕ ಇಂಕು ಒತ್ತೋದು. ಅದರಲ್ಲೂ ಡಿಸ್ಚಾರ್ಜ್. ಡಿಸ್ಚಾರ್ಜ್‌ನಲ್ಲಿ ಇಂಕು ಬಟ್ಟೆಯ ಮೇಲೆ ಕೂರಲ್ಲ, ಬಟ್ಟೆಯ ಬಣ್ಣವನ್ನೇ ತೆಗೆದು ಆ ಜಾಗದಲ್ಲಿ ಹೊಸ ಬಣ್ಣ ಬಿಡುತ್ತೆ. ಕೈಯಾಡಿಸಿದರೆ ಪ್ರಿಂಟ್ ಇದೆ ಅಂತಲೇ ಗೊತ್ತಾಗಲ್ಲ, ಬಿರುಕು ಬಿಡೋದಕ್ಕೆ ಅಲ್ಲಿ ಪದರವೇ ಇಲ್ಲ. ಶೇ 100 ಹತ್ತಿ, ರಿಯಾಕ್ಟಿವ್ ಡೈ (ನೂಲಿಗೇ ಬೆಸೆಯುವ ಬಣ್ಣ) ಮಾಡಿದ ಬಟ್ಟೆಗೆ ಮಾತ್ರ ಆಗುತ್ತೆ. ಕಪ್ಪಿನ ಮೇಲೆ ಚೆನ್ನಾಗಿ ಬರುತ್ತೆ, ರಾಯಲ್ ಬ್ಲೂ, ಟರ್ಕಾಯ್ಸ್ ಮೇಲೆ ಸರಿಯಾಗಿ ಬಿಡಲ್ಲ. ಹೊಸದರಲ್ಲಿ ಒಂಥರಾ ಗಂಧಕದ ವಾಸನೆ ಇರುತ್ತೆ, ಒಂದು ಸಲ ಒಗೆದರೆ ಹೋಗುತ್ತೆ. ಅದನ್ನ ನೋಡಿ ಹಳೇ ಮಾಲು ಕೊಟ್ಟಿದ್ದಾರೆ ಅಂತ ವಾಪಸ್ ಕಳಿಸೋರಿದ್ದಾರೆ, ದಯವಿಟ್ಟು ಕಳಿಸಬೇಡಿ.

ಪ್ಲಾಸ್ಟಿಸಾಲ್, ಅಂದರೆ ಬಟ್ಟೆಯ ಮೇಲೆ ಪದರವಾಗಿ ಕೂರೋ ಪ್ಲಾಸ್ಟಿಕ್ ಇಂಕು ಆದರೂ ಪರವಾಗಿಲ್ಲ, ಒಳಗಿನ ಪದರದವರೆಗೂ 160 ಡಿಗ್ರಿ ಶಾಖ ತಾಗಿರಬೇಕು ಅಷ್ಟೇ. ಮೇಲೆ ಒಣಗಿದೆ ಅಂದರೆ ಬೆಂದಿದೆ ಅಂತಲ್ಲ. ಕೈಗೆ ಬಂದ ದಿನವೇ ಪ್ರಿಂಟನ್ನ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಬೆಂದಿದ್ದರೆ ಹಿಗ್ಗಿ ವಾಪಸ್ ಬರುತ್ತೆ. ಬೇಯದಿದ್ದರೆ ಒಣಗಿದ ಕೆರೆಯ ಹಾಗೆ ಸೀಳುತ್ತೆ.

ಮಾಟುಂಗಾ_ಸಿಂಗಲ್‌ಸ್ಟಿಚ್
ಎಂತ ಮಾರಾಯ್ರೆ, ಅವರು ಕೇಳಿದ್ದು ಹಳೇ ಟೂರ್ ಶರ್ಟು, ನೀವು ಹೊಸದಕ್ಕೆ ಹಳೇ ಮುಖ ಹಚ್ಚುವ ಪಾಠ ಹೇಳ್ತಾ ಇದ್ದೀರಿ. ನಿಜವಾದ ಹಳೆಯದ್ದೇ ಸಿಗುವಾಗ ನಕಲು ಯಾಕೆ? ತೋಳಿನ ಅಂಚು, ಕೆಳಗಿನ ಅಂಚು ತಿರುಗಿಸಿ ನೋಡಿ. ಹೊಲಿಗೆ ಒಂದೇ ಸಾಲು ಉಂಟಾದರೆ ಅದು ಹೆಚ್ಚಾಗಿ 1990ರ ದಶಕದ ಮಧ್ಯಕ್ಕಿಂತ ಹಿಂದಿನದ್ದು. ಆಮೇಲೆ ಬಂದದ್ದೆಲ್ಲ ಎರಡು ಸೂಜಿಯ ಜೋಡಿ ಸಾಲು. ಇದೊಂದನ್ನೇ ನಂಬಿ ದುಡ್ಡು ಕೊಡಬೇಡಿ, ಈಗ ಹೊಸದಾಗಿ ಒಂಟಿ ಸಾಲು ಹೊಲಿಯುವವರೂ ಇದ್ದಾರೆ. ಕುತ್ತಿಗೆಯ ಲೇಬಲ್ಲಿನ ಫೋಟೋ ಕೇಳಿ. ಸ್ಕ್ರೀನ್ ಸ್ಟಾರ್ಸ್, ಬ್ರಾಕಮ್, ಜೈಂಟ್ ಅಂತ ಇರ್ತದೆ, ಒಂದೊಂದಕ್ಕೂ ಒಂದೊಂದು ಕಾಲ. ಚಿತ್ರದ ಕೆಳಗೆ 1988 ಅಂತ ಅಚ್ಚಾಗಿದ್ದರೆ ಅದು ಹಕ್ಕಿನ ವರ್ಷ, ಶರ್ಟು ತಯಾರಾದ ವರ್ಷ ಅಲ್ಲ. ನೆನ್ನೆ ಅಚ್ಚಾದದ್ದರಲ್ಲೂ 1988 ಅಂತಲೇ ಇರ್ತದೆ.

ಹೊರದೇಶದಿಂದ ನೇರ ತರಿಸುವುದು ಬೇಡ. ಬಳಸಿದ ಬಟ್ಟೆಯ ಆಮದು ನಮ್ಮಲ್ಲಿ ನಿರ್ಬಂಧಿತ, ಕಸ್ಟಮ್ಸ್‌ನಲ್ಲಿ ನಿಂತರೆ ಬಿಡಿಸುವುದು ಕಷ್ಟ. ಹೊಸದೇ ತರಿಸಿದರೂ ಶರ್ಟಿಗೆ 40 ಡಾಲರ್, ಸಾಗಣೆಗೆ 28 ಆದರೆ ಸುಂಕ ಬೀಳುವುದು 68ರ ಮೇಲೆ. ಅದರ ಮೇಲೆ ಕೊರಿಯರಿನವರ ಕ್ಲಿಯರೆನ್ಸ್ ಶುಲ್ಕ ಬೇರೆ. ಗಿಫ್ಟ್ ಅಂತ ಬರೆಸಿದರೆ ಸುಂಕ ಇಲ್ಲ ಅನ್ನುವುದು 2019ರ ಡಿಸೆಂಬರಿಗೇ ಮುಗಿದ ಕತೆ. ಇಲ್ಲಿಗೇ ಬಂದಿರುವ ಮಾಲು ಇಟ್ಟುಕೊಂಡು ಇನ್‌ಸ್ಟಾಗ್ರಾಂನಲ್ಲಿ ಮಾರುವ ಥ್ರಿಫ್ಟ್ (ಬಳಸಿದ ಬಟ್ಟೆಯ) ಅಂಗಡಿಗಳೇ ಸರಿಯಾದ ದಾರಿ.

ಡೊಂಬಿವಲಿ_ಸ್ಕ್ರೀನ್
3000ಕ್ಕೆ ನಾಲ್ಕು ಬೇಕು ಅಂದವರಿಗೆ ಬ್ರಾಕಮ್ ಲೇಬಲ್ ಹುಡುಕಿ ಅಂತೀರಲ್ಲ, ಸ್ವಾಮಿ. ಇನ್ನೊಂದು ಮಾತು ನೀವು ಹೇಳಲೇ ಇಲ್ಲ. ಹಳೇ ಕಪ್ಪು ಶರ್ಟುಗಳಲ್ಲಿ ಕೆಲವು ಸಲ್ಫರ್ ಡೈನವು, ಅಂದರೆ ಗಂಧಕ ಇರೋ ಬಣ್ಣ ಹಾಕಿದವು. ವರ್ಷಗಟ್ಟಲೆ ತೇವದಲ್ಲಿದ್ದರೆ ಆಮ್ಲ ಹುಟ್ಟಿ ನೂಲು ಸಾಯುತ್ತೆ. ನೋಡೋಕೆ ಚೆನ್ನಾಗಿರುತ್ತೆ, ತಲೆಗೆ ಹಾಕೊಂಡು ಎಳೆದರೆ ಹೆಗಲ ಹತ್ತಿರ ಕಾಗದದ ಹಾಗೆ ಹರಿಯುತ್ತೆ. ವಾಪಸ್ ತಗೊಳ್ತಾರಾ ನಿಮ್ಮ ಥ್ರಿಫ್ಟಿನವರು?

ಮಾಟುಂಗಾ_ಸಿಂಗಲ್‌ಸ್ಟಿಚ್
ತಗೊಳ್ಳುವುದಿಲ್ಲ. ಅದಕ್ಕೇ ಕೊಳ್ಳುವ ಮೊದಲು ಅಂಚನ್ನು ಎರಡು ಬೆರಳಲ್ಲಿ ಎಳೆಯುವ ವಿಡಿಯೋ ಕೇಳಬೇಕು. ಚಟ್ ಅಂತ ಸದ್ದು ಬಂದರೆ ಬಿಡಬೇಕು. ಕೇಳಲಿಕ್ಕೆ ಗೊತ್ತಿಲ್ಲದವರ ತಪ್ಪಿಗೆ ಹಳೇ ಶರ್ಟನ್ನು ಯಾಕೆ ಬೈಯುವುದು? ನಾಲ್ಕು ಕಸದ ಬದಲು ಒಂದೇ ಒಳ್ಳೆಯದು ತಗೊಳ್ಳಲಿ.

ಪಿಂಪ್ರಿ_ವಿಜಾಪುರ
ನೀವಿಬ್ರೂ ಜಗಳಾಡ್ರಿ, ಪಾಪ ಅಂವಾ ರೊಕ್ಕಾ ಕಳಕೊಳ್ತಾನ. ಮೊದಲ ಅಂಗಡಿಯಾಂವ ಖರೇ ಶರ್ಟಿನ ಫೋಟೋ ಹಾಕ್ಯಾನೋ ಇಲ್ಲೋ ಅದನ್ನ ನೋಡ್ರಿ. ಒಂದೇ ಅಂಗಡಿದು ನಾಕು ಡಿಸೈನ್ ಬಾಜೂಬಾಜೂಕ ಇಡ್ರಿ. ಎಡಗಡಿ ಬಗಲಿನಿಂದ ಹೊಟ್ಟಿ ಕಡೆ ಇಳಿಯೋ ನಿರಿಗಿ ನಾಕರಾಗೂ ಒಂದೇ ಜಾಗಾದಾಗ, ಒಂದೇ ಉದ್ದ ಇತ್ತಂದ್ರ ಅದು ಶರ್ಟಲ್ಲ, ಒಂದು ಖಾಲಿ ಶರ್ಟಿನ ಚಿತ್ರದ ಮ್ಯಾಲೆ ಡಿಸೈನ್ ಹಚ್ಚ್ಯಾರ. ನಿರಿಗಿ ಇದ್ದಲ್ಲಿ ಅಕ್ಷರ ಸುದ್ದಾ ಬಾಗಿರಂಗಿಲ್ಲ, ನೆಟ್ಟಗ ನಿಂತಿರ್ತಾವ. ಆ ಚಿತ್ರದಾಗ ಮಾಸಿದ ಕಪ್ಪು ಕಾಣ್ತದ, ಮನಿಗೆ ಬರೋದು ಮಿರಿಮಿರಿ ಕಪ್ಪು.

ಲೆಕ್ಕಾ ಹೇಳ್ತೀನಿ ಕೇಳ್ರಿ. 549ರಂಗ ಮೂರು, 1647. ಸಿಓಡಿ ಅಂತ 60. ಎರಡು ವಾಪಸ್. ಒಂದೊಂದಕ್ಕ ಪಿಕಪ್ 100 ಕಡದ್ರು. ಉಳದ 898 ಬ್ಯಾಂಕಿಗೆ ಬರಲಿಲ್ಲ, ಅವರ ವಾಲೆಟ್‌ನಾಗ ಕ್ರೆಡಿಟ್ ಅಂತ ಕುಂತದ, 90 ದಿನದಾಗ ಅಲ್ಲೇ ಖರ್ಚು ಮಾಡಬೇಕಂತ. ಕೈಯಾಗ ಉಳದ ಒಂದು ಶರ್ಟಿಗೆ ಬಿದ್ದದ್ದು 809. ಹಿಂಗಾಗಿ ರಿಟರ್ನ್ ಅಂತ ದೊಡ್ಡ ಅಕ್ಷರದಾಗ ಬರದ್ರ ಸಾಲಂಗಿಲ್ಲ, ರೊಕ್ಕಾ ಬಂದ ದಾರಿಲೇ ವಾಪಸ್ ಹೋಗ್ತದೋ, ಕ್ರೆಡಿಟ್ ಕೊಡ್ತಾರೋ, ಅದನ್ನ ಓದ್ರಿ.

ಮಾಲು ಕೆಟ್ಟಿದ್ರ, ಇಲ್ಲಾ ತೋರಿಸಿದ್ದು ಒಂದು ಕಳಿಸಿದ್ದು ಒಂದು ಆದ್ರ, ವಾಪಸ್ ತಗೋಳಂಗಿಲ್ಲ ಅನ್ನಾಕ ಬರಂಗಿಲ್ಲ. 2020ರ ಇ-ಕಾಮರ್ಸ್ ನಿಯಮದಾಗ ಹಂಗ ಅದ. ದೂರು ಕೊಟ್ಟ 48 ತಾಸಿನಾಗ ಮುಟ್ಟಿದ್ದು ತಿಳಿಸಬೇಕು, ತಿಂಗಳೊಳಗ ಬಗಿಹರಿಸಬೇಕು. ಮಾಡದಿದ್ರ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಹಚ್ಚ್ರಿ. ಪಾಕೀಟು ಒಡಿಯೋ ವಿಡಿಯೋ ಕಟ್ ಇಲ್ಲದ ಒಂದೇ ಓಟದಾಗ ತಗದಿಡ್ರಿ.

ತೂಕಾನೂ ನೋಡ್ರಿ. ಅಡಗಿಮನಿ ತಕ್ಕಡಿ ಸಾಕು. ಎಲ್ ಸೈಜಿನ 180 ಜಿಎಸ್‌ಎಂ (ಅಂದ್ರ ಒಂದು ಚದರ ಮೀಟರ್ ಬಟ್ಟಿ 180 ಗ್ರಾಂ) ಶರ್ಟು ಹೆಚ್ಚುಕಮ್ಮಿ 200 ಗ್ರಾಂ ಇರಬೇಕು. 155 ತೋರಿಸಿದ್ರ ಅದು 140ರ ಬಟ್ಟಿ.

ಮಾಪ್ಸಾ_ಶುಕ್ರವಾರ
ಮಾಸಿದ ಕಪ್ಪು ಬೇಕು ಅಂದವರಿಗೆ ಒಂದು ಎಚ್ಚರಿಕೆ. ವಿಂಟೇಜ್ ವಾಶ್ ಅಂತ ಮಾರುವುದರಲ್ಲಿ ಎರಡು ಜಾತಿ. ಒಂದು, ಹೊಲಿದಾದ ಮೇಲೆ ಕಲ್ಲು, ರಾಸಾಯನಿಕ ಹಾಕಿ ಬಣ್ಣ ಇಳಿಸಿದ್ದು. ಇನ್ನೊಂದು ಪಿಗ್ಮೆಂಟ್ ಡೈ. ಇದರಲ್ಲಿ ಬಣ್ಣ ನೂಲಿನ ಒಳಗೆ ಹೋಗಿರುವುದಿಲ್ಲ, ಮೇಲೆ ಅಂಟಿಕೊಂಡಿರುತ್ತದೆ, ಅದಕ್ಕೇ ಮಾಸಿದ ಹಾಗೆ ಕಾಣುವುದು. ಬಿಳಿ ಕರ್ಚೀಫು ಒದ್ದೆ ಮಾಡಿ ಒಳಭಾಗದಲ್ಲಿ ಹತ್ತು ಸಲ ಉಜ್ಜಿ. ಬೂದಿ ಬಣ್ಣ ಹತ್ತಿದರೆ ಹೆಚ್ಚಾಗಿ ಪಿಗ್ಮೆಂಟ್. ಮೊದಲ ಮೂರು ಒಗೆತ ಬೇರೆಯಾಗಿಯೇ ಆಗಬೇಕು, ಬೆವರಿದರೆ ಬ್ಯಾಗಿನ ಪಟ್ಟಿಗೂ ಹತ್ತುತ್ತದೆ. ಇಲ್ಲಿ ಮಾಪ್ಸಾ ಶುಕ್ರವಾರದ ಸಂತೆಯಲ್ಲಿ, ಅಂಜುನಾ ಬುಧವಾರದ ಮಾರ್ಕೆಟ್ಟಿನಲ್ಲಿ ಮುಟ್ಟಿ ನೋಡಿಯಾದರೂ ತಗೊಳ್ಳಬಹುದು. ಆನ್‌ಲೈನಿನಲ್ಲಿ ಡೈ ಯಾವುದು ಅಂತ ಬರೆದು ಕೇಳಬೇಕು.

ಇನ್ನು ಬಟ್ಟೆ ತಿರುಚುವುದು. ಸಿಂಗಲ್ ಜರ್ಸಿ, ಅಂದರೆ ಟಿ-ಶರ್ಟಿನ ಮಾಮೂಲಿ ಹೆಣಿಗೆಯ ಬಟ್ಟೆಯಲ್ಲಿ ನೂಲಿನ ಹುರಿಯ ಬಲದಿಂದ ಎರಡು ಒಗೆತಕ್ಕೆ ಪಕ್ಕದ ಹೊಲಿಗೆ ಹೊಟ್ಟೆಯ ಕಡೆ ಸರಿಯುತ್ತದೆ. ಚಿತ್ರವೂ ಜೊತೆಗೆ ವಾಲುತ್ತದೆ. ಕಾಂಪ್ಯಾಕ್ಟಿಂಗ್ ಮಾಡಿದ, ಮೊದಲೇ ಕುಗ್ಗಿಸಿದ ಬಟ್ಟೆಯಲ್ಲಿ ಇದು ಕಡಿಮೆ.

ಮುಲುಂಡ್_ಅರ್ಕಾವತ್ತು
ಕನ್ನಡ ಅಕ್ಷರದ್ದು ಯಾರೂ ಎತ್ತಲೇ ಇಲ್ಲ, ನನಗೆ ಬೇಜಾರಾಗಿದ್ದು ಅದೇ. ಆನ್‌ಲೈನಲ್ಲಿ ಸಿಗೋ ಕನ್ನಡ ಶರ್ಟುಗಳಲ್ಲಿ ‘ಕರ್ನಾಟಕ’ ಅನ್ನೋದನ್ನ ದೊಡ್ಡದು ಮಾಡಿ ನೋಡಿ. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಕೂತಿರುತ್ತೆ, ಕನಾ೯ಟಕ ಅಂತ. ಇಲ್ಲಾ ಒತ್ತಕ್ಷರ ಬಿಚ್ಚಿಕೊಂಡು ‘ಪುಣ್‌ಯ’ ಆಗಿರುತ್ತೆ. ಡಿಸೈನ್ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿ ಜೋಡಿಸೋ ವರ್ಲ್ಡ್ ರೆಡಿ ಕಂಪೋಸರ್ ಹಾಕದೇ ಇದ್ದರೆ ಒತ್ತಕ್ಷರ ಹೀಗೆ ಬಿಚ್ಚಿಕೊಳ್ಳುತ್ತೆ. ಮುಂಬೈಯಲ್ಲಿ ಕನ್ನಡ ಓದೋಕೆ ಬರದ ಆಪರೇಟರ್ ಅದನ್ನ ಹಾಗೇ ಅಚ್ಚು ಹಾಕ್ತಾರೆ, ಅವರ ತಪ್ಪಲ್ಲ.

ಹಾಗಾಗಿ ಕನ್ನಡದ್ದನ್ನ ನೀವೇ ಮಾಡಿಸಿ. ಅಕ್ಷರ ಟೈಪ್ ಮಾಡಿ ಸರಿಯಿದೆಯಾ ನೋಡಿ, ಇಲಸ್ಟ್ರೇಟರ್ ಆದರೆ ಕ್ರಿಯೇಟ್ ಔಟ್‌ಲೈನ್ಸ್, ಕೋರಲ್‌ಡ್ರಾ ಆದರೆ ಕನ್ವರ್ಟ್ ಟು ಕರ್ವ್ಸ್ ಕೊಡಿ. ಅಕ್ಷರ ಚಿತ್ರವಾಗಿಬಿಡುತ್ತೆ, ಆಮೇಲೆ ಯಾರ ಕಂಪ್ಯೂಟರಿನಲ್ಲೂ ಒಡೆಯಲ್ಲ. ಪಿಎನ್‌ಜಿ ಕಳಿಸೋದಾದರೆ ಹಿನ್ನೆಲೆ ಖಾಲಿ ಇರಲಿ, ನಿಜವಾದ ಅಳತೆಯಲ್ಲಿ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ. 12 ಇಂಚು ಅಗಲ, 16 ಎತ್ತರಕ್ಕೆ 3600 ಗುಣಿಸು 4800 ಪಿಕ್ಸೆಲ್. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಕುಗ್ಗಿಸಿಬಿಡುತ್ತೆ. ಡಾಕ್ಯುಮೆಂಟ್ ಆಗಿ ಕಳಿಸಿ. ನನಗೆ ಬಿದ್ದದ್ದು ಖಾಲಿ ಶರ್ಟು 220, ಡಿಟಿಎಫ್ 140, ಕೊರಿಯರ್ 70, ಒಟ್ಟು 430. ಹಳೇ ಸಿನಿಮಾ ಪೋಸ್ಟರಿನ ಥರ ಕೈಬರಹದ ಅಕ್ಷರ.

ಡೊಂಬಿವಲಿ_ಸ್ಕ್ರೀನ್
ಮತ್ತೆ ಡಿಟಿಎಫ್! ಮೇಲೆ ಅಷ್ಟು ಬರೆದದ್ದು ಯಾರಿಗೆ?

ಮುಲುಂಡ್_ಅರ್ಕಾವತ್ತು
ಒಂದೇ ಒಂದು ಶರ್ಟಿಗೆ ನೀವು ಸ್ಕ್ರೀನ್ ಮಾಡಿಕೊಡ್ತೀರಾ ಸರ್? ನೀವು ಸ್ಕ್ರೀನ್ ಪ್ರಿಂಟಿನವರು ಬಣ್ಣಕ್ಕೊಂದು ಸ್ಕ್ರೀನ್, ಒಂದಕ್ಕೆ 500, ಜೊತೆಗೆ ಕನಿಷ್ಠ 25 ಪೀಸ್ ಅಂತೀರಿ. ಅಕ್ಷರದ ಡಿಸೈನಿಗೆ ಡಿಟಿಎಫ್ ಎಲ್ಲಿ ಬೆವರಿಸುತ್ತೆ? ತುಂಬಿದ ಚೌಕಕ್ಕೆ ಆ ಮಾತು, ಸಂದು ಇರೋ ಅಕ್ಷರಕ್ಕಲ್ಲ.

ಮಾಟುಂಗಾ_ಸಿಂಗಲ್‌ಸ್ಟಿಚ್
ಸಿನಿಮಾ ಪೋಸ್ಟರು ಅಂತ ಸುಲಭದಲ್ಲಿ ಹೇಳಿದ್ರಿ. ಹಕ್ಕು ಯಾರದ್ದು? ದಿ ಸೋಲ್ಡ್ ಸ್ಟೋರ್ ಥರದವರು ಪಾತ್ರಗಳಿಗೆ ಲೈಸೆನ್ಸ್ ತಗೊಂಡು ಮಾರ್ತಾರೆ, ನೀವು ಪುಕ್ಕಟೆ ಅಚ್ಚು ಹಾಕಿಸ್ತೀರಿ.

ಮುಲುಂಡ್_ಅರ್ಕಾವತ್ತು
ಪೋಸ್ಟರಿನ ಥರ ಅಂದದ್ದು, ಪೋಸ್ಟರ್ ಅಲ್ಲ. ಓದಿ ಮಾತಾಡಿ. ಕಾನೂನೇ ಬೇಕಾದರೆ, ನಮ್ಮಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. 1964ರ ಚಿತ್ರದ್ದು 2024ರ ಕೊನೆಗೆ ಮುಗಿದಿದೆ. ಪೋಸ್ಟರ್ ಬರೆದ ಕಲಾವಿದರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮೇಲೆ 60 ವರ್ಷ. ನಟರ ಮುಖ ಹಾಕಿ ಮಾರಿದರೆ ಅದು ಮತ್ತೊಂದು ತಕರಾರು, ಹೈಕೋರ್ಟುಗಳು ತಡೆ ಕೊಟ್ಟಿವೆ. ನಾನು ಮುಖ ಹಾಕಿಲ್ಲ, ಮಾರಿಯೂ ಇಲ್ಲ.

ವಾಕಡ್_46
ಎಲ್ಲರಿಗೂ ಧನ್ಯವಾದ. ಆದರೆ 46 ಇಂಚಿನ ಬಗ್ಗೆ ಒಬ್ಬರೂ ಹೇಳಲಿಲ್ಲ.

ಪಿಂಪ್ರಿ_ವಿಜಾಪುರ
ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಅನ್ನೋ ಮಾತು ಬಿಡ್ರಿ, ಅಂಗಡಿಗೊಂದು ಅಳತಿ. ನಿಮ್ಮ ಮೈಗೆ ಸರಿ ಕೂಡೋ ಹಳೇ ಶರ್ಟು ಹಾಸಿ, ಒಂದು ಬಗಲಿನ ಹೊಲಿಗಿಯಿಂದ ಇನ್ನೊಂದು ಬಗಲಿನ ಹೊಲಿಗಿ ತನಕ ಟೇಪ್ ಹಿಡೀರಿ. 46ರ ಎದಿಗೆ ಅದು 24ರಿಂದ 25 ಬರಬೇಕು. ಉದ್ದ ಹೆಗಲಿಂದ 30. ಹತ್ತಿ ಬಟ್ಟಿ ನೂರಕ್ಕ ಐದು ಕುಗ್ಗಿದ್ರ 30 ಇದ್ದದ್ದು 28 ಅರ್ಧ ಆಗ್ತದ, ಅದನ್ನ ಲೆಕ್ಕಕ್ಕ ಹಿಡದ ತಗೋರಿ. ಚಾರ್ಟಿನಾಗ ಮೈ ಅಳತಿ ಕೊಟ್ಟಾರೋ ಬಟ್ಟಿ ಅಳತಿ ಕೊಟ್ಟಾರೋ ಕೇಳ್ರಿ, ಎಡವಟ್ಟಾಗೋದು ಅಲ್ಲೇ.

ಮುಲುಂಡ್_ಅರ್ಕಾವತ್ತು
ಆ ಅಳತೆಗೆ 12 ಇಂಚಿನ ಪ್ರಿಂಟ್ ಎದೆ ಮಧ್ಯ ಅಂಚೆಚೀಟಿಯ ಹಾಗೆ ಕಾಣುತ್ತೆ. 14 ಹೇಳಿ, 4200 ಪಿಕ್ಸೆಲ್. ಎ3 ಹಾಳೆ 11.7 ಇಂಚೇ ಇರೋದು, ಹಾಗಾಗಿ ರೋಲ್ (ಅಗಲ ಸುರುಳಿ ಫಿಲ್ಮಿನ) ಡಿಟಿಎಫ್ ಮಾಡೋರ ಹತ್ತಿರ ಮೀಟರ್ ಲೆಕ್ಕದಲ್ಲಿ ಮಾಡಿಸಿ. ಒಂದು ಮೀಟರಿನಲ್ಲಿ ಎಷ್ಟು ಡಿಸೈನ್ ಹಿಡಿಯುತ್ತೋ ಅಷ್ಟು ಜೋಡಿಸೋಕೆ ನೋಡಿ.

ಮಾಪ್ಸಾ_ಶುಕ್ರವಾರ
ಮಳೆಗಾಲದಲ್ಲಿ ತಗೊಂಡರೆ ಒದ್ದೆ ಬಕೆಟ್ಟಿನಲ್ಲಿ ರಾತ್ರಿಯಿಡೀ ಬಿಡಬೇಡಿ. ಕಪ್ಪಿನ ಮೇಲೆ ಬೂಷ್ಟಿನ ಚುಕ್ಕೆ ಕೂತರೆ ಹೋಗುವುದಿಲ್ಲ, ಬ್ಲೀಚ್ ಹಾಕುವ ಹಾಗೂ ಇಲ್ಲ.

ಡೊಂಬಿವಲಿ_ಸ್ಕ್ರೀನ್
ಒಣಗಲಿಲ್ಲ ಅಂತ ಇಸ್ತ್ರಿ ಹೊಡೆದು ಪ್ರಿಂಟ್ ಕರಗಿಸೋರೇ ಜಾಸ್ತಿ. ಪ್ಲಾಸ್ಟಿಸಾಲ್, ಡಿಟಿಎಫ್ ಎರಡೂ ಬಿಸಿಗೆ ಮೆತ್ತಗಾಗುತ್ತೆ. ಶರ್ಟು ಒಳಹೊರಗೆ ಮಾಡಿ, ಹಿಂಭಾಗಕ್ಕೆ ಮಾತ್ರ ಇಸ್ತ್ರಿ. ನನ್ನ ಡಿಸ್ಚಾರ್ಜ್‌ಗೆ ಈ ತಾಪತ್ರಯವೇ ಇಲ್ಲ.

ಮುಲುಂಡ್_ಅರ್ಕಾವತ್ತು
25 ಪೀಸಿನ ತಾಪತ್ರಯ ಇದೆಯಲ್ಲ ಸರ್. ಒಂದು ಪೀಸಿಗೆ ಎಷ್ಟು ಅಂತ ಇಲ್ಲೇ ಹೇಳಿ.