ಸಹಾಯ ಬೇಕು: 4 ಜಿಬಿ ರ‍್ಯಾಮ್ ಕಂಪ್ಯೂಟರಿಗೆ ಹಗುರವಾದ ಆಂಟಿವೈರಸ್, ಫೈರ್‌ವಾಲ್

ನಮಸ್ಕಾರ. ಮನೆ ಕಂಪ್ಯೂಟರಲ್ಲಿ ವಿಂಡೋಸ್ 11, ರ‍್ಯಾಮ್ 4 ಜಿಬಿ. ಎಸ್‌ಎಸ್‌ಡಿ ಇಲ್ಲ, ತಿರುಗೋ ಹಾರ್ಡ್ ಡಿಸ್ಕೇ. ಆನ್ ಮಾಡಿದ ತಕ್ಷಣ ಟಾಸ್ಕ್ ಮ್ಯಾನೇಜರಿನಲ್ಲಿ ‘ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್’ (ವಿಂಡೋಸಿನ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರಿನ ಪ್ರೋಗ್ರಾಂ) ಮೇಲಕ್ಕೇರಿ ಡಿಸ್ಕ್ 100% ತೋರಿಸುತ್ತೆ. ಬ್ರೌಸರ್ ತೆರೆಯೋಕೂ ಕಾಯಬೇಕು.

ಟಾಸ್ಕ್ ಶೆಡ್ಯೂಲರಿನಲ್ಲಿ ಡಿಫೆಂಡರಿನ ಸ್ಕ್ಯಾನನ್ನ ಕಂಪ್ಯೂಟರ್ ಸುಮ್ಮನಿದ್ದಾಗ ಮಾತ್ರ ನಡೆಯೋ ಹಾಗೆ ಇಟ್ಟಾಯ್ತು. ಪವರ್‌ಶೆಲ್‌ನಲ್ಲಿ ಸ್ಕ್ಯಾನಿನ ಸಿಪಿಯು ಮಿತಿಯನ್ನ 50ರಿಂದ 20ಕ್ಕೆ ಇಳಿಸಿದ್ದೂ ಆಯ್ತು. ಸ್ಕ್ಯಾನ್ ಈಗ ಪರವಾಗಿಲ್ಲ. ಆದ್ರೆ ಆ ಮಿತಿ, ಫೈಲ್ ಬಂದ ಹಾಗೇ ನೋಡೋ ರಿಯಲ್-ಟೈಮ್ ಕಾವಲಿಗೆ ಅನ್ವಯಿಸಲ್ಲ. ಸಾವಿರಾರು ಸಣ್ಣ ಫೈಲಿರೋ ಜಿಪ್ ಬಿಚ್ಚಿದ್ರೆ ಒಂದೊಂದನ್ನೂ ತಪಾಸಣೆ ಮಾಡುತ್ತೆ, ಮತ್ತೆ ಅದೇ ಕಥೆ. ಡೌನ್‌ಲೋಡ್ ಫೋಲ್ಡರನ್ನ ಎಕ್ಸ್‌ಕ್ಲೂಷನ್‌ಗೆ (ತಪಾಸಣೆ ಬೇಡ ಅನ್ನೋ ಪಟ್ಟಿಗೆ) ಹಾಕಿ ಅಂತ ದಯವಿಟ್ಟು ಹೇಳಬೇಡಿ, ವೈರಸ್ ಮೊದಲು ಬಂದು ಇಳಿಯೋದೇ ಅಲ್ಲಿ.

ಇನ್ನು ಫೈರ್‌ವಾಲ್. ವಿಂಡೋಸಿನದು ಒಳಗೆ ಬರೋದನ್ನ ತಡೆಯುತ್ತೆ, ಹೊರಗೆ ಹೋಗೋದನ್ನ ಹಾಗೇ ಬಿಡುತ್ತೆ. ಹೊರಗೆ ಹೋಗೋದನ್ನೂ ಬ್ಲಾಕ್ ಮಾಡಿ ಬ್ರೌಸರಿಗೆ ಮಾತ್ರ ರೂಲ್ ಬರೆದ್ರೆ ಡಿಎನ್‌ಎಸ್ (ಸೈಟಿನ ಹೆಸರಿಂದ ಅದರ ಐಪಿ ವಿಳಾಸ ಹುಡುಕೋದು), ವಿಂಡೋಸ್ ಅಪ್‌ಡೇಟ್ ಎರಡೂ ನಿಂತುಹೋಗುತ್ತೆ, ಯಾಕಂದ್ರೆ ಅವು ಹೋಗೋದು ‘ಎಸ್‌ವಿಸಿಹೋಸ್ಟ್’ (svchost.exe, ವಿಂಡೋಸಿನ ಹಲವು ಸರ್ವಿಸ್‌ಗಳನ್ನ ಓಡಿಸೋ ಪ್ರೋಗ್ರಾಂ) ಮೂಲಕ. ಅದನ್ನ ಪೂರ್ತಿ ಬಿಟ್ಟರೆ ಅದರಡಿ ಓಡೋ ಎಲ್ಲ ಸರ್ವಿಸಿಗೂ ದಾರಿ ತೆರೆದಂಗೆ. ಸಿಕ್ಕಿಹಾಕಿಕೊಂಡಿರೋದು ಇಲ್ಲೇ.

ಬೇರೆ ಆಂಟಿವೈರಸ್ ಹಾಕಿದ್ರೆ ಡಿಫೆಂಡರ್ ತಾನಾಗೇ ಪಕ್ಕಕ್ಕೆ ಸರಿಯುತ್ತೆ, ಅದು ಗೊತ್ತು. ಹಾರ್ಡ್ ಡಿಸ್ಕಿನ ಮೇಲೆ ನಿಜಕ್ಕೂ ಹಗುರವಾಗಿ ಓಡೋ ಆಂಟಿವೈರಸ್ ಯಾವುದು? ಅಪ್‌ಡೇಟ್ ನಿಲ್ಲದ ಹಾಗೆ ‘ಎಸ್‌ವಿಸಿಹೋಸ್ಟ್’ಗೆ ಯಾವ ಸರ್ವಿಸ್, ಯಾವ ಪೋರ್ಟ್ ಮಾತ್ರ ಬಿಟ್ಟರೆ ಸಾಕು? ಬಳಸಿ ನೋಡಿದವರು ಹೇಳಿ.